ನಮ್ಮೂರಿಗೆ ಮಾತ್ರ ಮುಚ್ಚಿದ್ದ ಅಂಗಡಿ

ಸುನಿತಾಳ ಹೆಸರೆತ್ತಿದರೆ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಈಗ ಯಾರೂ ನೆಟ್ಟಗೆ ಮಾತಾಡುವುದಿಲ್ಲ. ಒಬ್ಬರು ಕೆಮ್ಮುತ್ತಾರೆ, ಇನ್ನೊಬ್ಬರು ನಲ್ಲಿಯಲ್ಲಿ ನೀರು ಬಂತೇನೋ ಎಂದು ಎದ್ದು ಹೋಗುತ್ತಾರೆ. ಆ ಹುಡುಗಿ ಇದೇ ಬೀದಿಯಲ್ಲಿ ಉಂಡು, ಮಲಗಿ, ಮನೆಮಗಳ ಹಾಗೆ ಓಡಾಡಿಕೊಂಡಿದ್ದವಳು. ಅವಳ ವಿಷಯ ಬೀದಿಯವರು ಹೇಳುವುದು ಅರ್ಧ. ಉಳಿದರ್ಧ ಕೇಳಿ.

ಸುನಿತಾ ಯಳಂದೂರು ತಾಲ್ಲೂಕಿನವಳು. ಬಿಳಿಗಿರಿರಂಗನ ಬೆಟ್ಟದ ಮೇಲಿನ ಒಂದು ಸೋಲಿಗರ ಪೋಡಿನ, ಅಂದರೆ ಹಾಡಿಯ, ಮಗು. ಅಪ್ಪ ಕ್ಯಾತಯ್ಯ ಬೇಸಿಗೆ ಬಂತೆಂದರೆ ಅರಣ್ಯ ಇಲಾಖೆಯವರ ಜೊತೆ ಕಾಡಿನ ಬೆಂಕಿ ಕಾಯಲು ಹೋಗುತ್ತಿದ್ದ. ಅವ್ವ ರಂಗಿಗೆ ನೆಲ್ಲಿಕಾಯಿ, ಸೀಗೆಕಾಯಿ ಆಯುವ ಕೆಲಸ. ಈ ರಂಗಿ ಇದ್ದಾಳಲ್ಲ, ಎಂಥಾ ಬಾಯಿ ಅಂತೀರಿ! ಒಮ್ಮೆ ಯಾರೋ ಅಧಿಕಾರಿ ಜೀಪಿನಲ್ಲಿ ಬಂದು, 'ಏನಮ್ಮಾ, ಕಾಡಲ್ಲಿ ಭಯ ಆಗಲ್ವಾ?' ಎಂದು ಕೇಳಿದರೆ, 'ನೀವು ಬರಗಂಟ ಆಗ್ತಿರ್ನಿಲ್ಲ ಸಾ' ಎಂದವಳು. ಮಗಳಿಗೆ ಆ ಬಾಯಿ ಬರಲಿಲ್ಲ. ಬಂದಿದ್ದರೆ ಈ ಕಥೆ ಬೇರೆ ದಾರಿ ಹಿಡಿಯುತ್ತಿತ್ತು.

ಡಿಪ್ಲೊಮಾ ಮುಗಿಸಿದ ಸುನಿತಾ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಕೆಂಪನಂಜಪ್ಪನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಕೆಂಪನಂಜಪ್ಪ ಹಿಂದೆ ಮನೆಮನೆಗೆ ಕೇಬಲ್ ಟಿವಿ ಎಳೆದವನು. ಈಗ ಅದೇ ಕಂಬಗಳ ಮೇಲೆ ಇಂಟರ್ನೆಟ್ ಎಳೆದು ಹನೂರು, ಯಳಂದೂರು ಕಡೆಗೂ ಕನೆಕ್ಷನ್ ಕೊಟ್ಟಿದ್ದ. ಊರಿಗೆಲ್ಲ ಇಂಟರ್ನೆಟ್ ಬರುವುದು ಅವನ ಆ ಮಹಡಿಯ ಕೋಣೆಯಿಂದಲೇ. ಎಲ್ಲಿ ವೈರು ಹರಿದರೂ, ಯಾರ ಮನೆಯ ಡಬ್ಬಿಯ ದೀಪ ಕೆಂಪಾದರೂ ಸುನಿತಾಳಿಗೇ ಫೋನು. 'ನೆಟ್ ಸುನಿತಾ' ಎಂದೇ ಊರು ಅವಳನ್ನು ಕರೆಯಿತು.

ಇರಲು ಕೋಣೆ ಕೊಟ್ಟವಳು ಭಾಗ್ಯಮ್ಮ. ಅವಳದು ರೇಷ್ಮೆ ಸೀರೆ ನೇಯುವ ಮನೆ. ಗಂಡ ಗೋವಿಂದಯ್ಯ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರೆ ಊಟಕ್ಕೆ ಕೂಗುವವರೆಗೆ ಏಳದ ಮನುಷ್ಯ. ಮಗ ಮೋಹನ್, ಸೊಸೆ ಅಂಜನಾ. ಮೊದಮೊದಲು ಭಾಗ್ಯಮ್ಮ ಬೆಟ್ಟದ ಹುಡುಗಿಗೆ ಬೇರೆ ತಟ್ಟೆ ಇಟ್ಟಿದ್ದಳು. ಆಮೇಲೆ ಯಾವಾಗಲೋ ಆ ತಟ್ಟೆ ಮನೆಯ ತಟ್ಟೆಗಳ ಜೊತೆ ಬೆರೆತುಹೋಯಿತು. ಯಾರೂ ಅದರ ಮಾತೆತ್ತಲಿಲ್ಲ. ಅವರೆಕಾಯಿ ಕಾಲದಲ್ಲಿ ಇಬ್ಬರೂ ಒಂದೇ ಮೊರಕ್ಕೆ ಕಾಯಿ ಸುಲಿಯುತ್ತ ಕೂತಿರುವುದನ್ನು ಬೀದಿಯೆಲ್ಲ ನೋಡಿದೆ.

ಅಂಜನಾ ಚುರುಕು ಹೆಣ್ಣು. ಬೀದಿಯ ಸೀರೆಗಳೆಲ್ಲ ಒಬ್ಬ ವ್ಯಾಪಾರಿಯ ಕೈಗೆ ಹೋಗುತ್ತಿದ್ದವು. ಅವನು ಹೇಳಿದ್ದೇ ಬೆಲೆ. ಅದನ್ನು ನೋಡಿ ನೋಡಿ ಬೇಸತ್ತ ಅಂಜನಾ ಸುನಿತಾಳನ್ನು ಕೂರಿಸಿಕೊಂಡು ಒಂದು ವೆಬ್‌ಸೈಟು ಮಾಡಿದಳು. ಬೀದಿಯ ಮನೆಗಳು ಒಂದೊಂದಾಗಿ ತಮ್ಮ ಸೀರೆಗಳನ್ನು ಅದರಲ್ಲಿ ಇಟ್ಟವು. ಆ ಸೈಟು ಇದ್ದದ್ದು ಬೆಂಗಳೂರಿನಲ್ಲಿ ಬಾಡಿಗೆಗೆ ಹಿಡಿದ ಒಂದು ಸಣ್ಣ ಕಂಪ್ಯೂಟರಿನಲ್ಲಿ. ಮುಂಬೈ, ಚೆನ್ನೈನಿಂದ ಜನ ನೋಡಿ ಸೀರೆ ತರಿಸಿಕೊಳ್ಳತೊಡಗಿದರು. ಆ ವರ್ಷ ಗೌರಿ ಹಬ್ಬಕ್ಕೆ ಬೀದಿಯವರು ವ್ಯಾಪಾರಿಗೆ ಒಂದು ಸೀರೆಯನ್ನೂ ಕೊಡದೆ ಎಲ್ಲವನ್ನೂ ಸೈಟಿಗೇ ಎತ್ತಿಟ್ಟರು. ಹಬ್ಬದ ಹಿಂದಿನ ವಾರ ಮಾರಿದರೆ ಮಾರಿದಂತೆ, ಇಲ್ಲದಿದ್ದರೆ ಮತ್ತೆ ಅವನ ಬಾಗಿಲಿಗೇ ಹೋಗಿ ನಿಲ್ಲಬೇಕು.

ಆ ವಾರ ಶುರುವಾದ ಬೆಳಿಗ್ಗೆಯೇ ಅಂಜನಾ ಕೂಗಿಕೊಂಡಳು.

"ಸುನಿತಾ, ಬಾಮ್ಮಾ ಇಲ್ಲಿ! ಸೈಟ್ ಓಪನ್ನೇ ಆಗ್ತಿಲ್ಲ."

ಸುನಿತಾ ಕೈಯಲ್ಲಿದ್ದ ಕಾಫಿ ಕೆಳಗಿಟ್ಟು ಲ್ಯಾಪ್‌ಟಾಪ್ ತೆರೆದಳು. ನೋಡುತ್ತ ನೋಡುತ್ತ ಅವಳ ಮುಖ ಇಳಿಯಿತು.

"ಅಕ್ಕಾ, ಇದು ಕೆಟ್ಟಿರೋದಲ್ಲ. ಯಾರೋ ಬೇಕಂತಲೇ ಮಾಡ್ಸವ್ರೆ. ದಾಳಿ ಇದು."

"ದಾಳಿ ಅಂದ್ರೆ ಯಾನವ್ವಾ?" ಭಾಗ್ಯಮ್ಮ ಅಡುಗೆಮನೆಯಿಂದ ಬಂದಳು. "ಕಳ್ರಾ?"

"ಕದಿಯೋಕಲ್ಲ ಅಮ್ಮಾ. ಈಗ ನಮ್ಮನೆ ಬಾಗ್ಲಿಗೆ ಪರಊರಿಂದ ಸಾವ್ರಾರು ಜನ ಬಂದು 'ಸೀರೆ ಅದಾ, ಸೀರೆ ಅದಾ' ಅಂತ ಕೇಳ್ತಾರೆ ಅನ್ಕಳಿ. ಯಾರೂ ತಕೊಳ್ಳಕಿಲ್ಲ. ಉತ್ರ ಕೇಳೋಕೂ ನಿಲ್ಲಕಿಲ್ಲ. ಮತ್ತೆ ಬತ್ತಾರೆ, ಮತ್ತೆ ಕೇಳ್ತಾರೆ. ನಿಜವಾಗ್ಲೂ ತಕೊಳ್ಳೋಳು ಬೀದಿ ಕೊನೇಲೇ ನಿಂತು ವಾಪಸ್ ಓಯ್ತಾಳೆ."

"ಪೊರಕೆ ತಕಂಡು ಅಟ್ಟು."

"ಅವ್ರು ಜನವೇ ಅಲ್ಲ ಅಮ್ಮಾ. ಯಾರ್‍ಯಾರದೋ ಮನೆ ಕ್ಯಾಮೆರಾ, ಯಾರ್‍ಯಾರದೋ ಕಂಪ್ಯೂಟ್ರು. ಅವ್ರಿಗೇ ಗೊತ್ತಿಲ್ದಂಗೆ ಅವನ್ನ ಹಿಡ್ಕಂಡು ಯಾರೋ ಇಲ್ಲಿಗೆ ನುಗ್ಗುಸ್ತಾವ್ನೆ."

ಯಾರು ಮಾಡಿಸಿದರು ಎಂಬುದು ಇವತ್ತಿಗೂ ಗೊತ್ತಿಲ್ಲ. ಮೋಹನ್ ವ್ಯಾಪಾರಿಯ ಹೆಸರು ಹೇಳಿದ. ಸುನಿತಾ ಮಾತ್ರ, ಕಾಣದ್ದನ್ನು ಹೇಳಬಾರದು ಎಂದಳು. ಆ ಮಾತು ಮೋಹನ್‌ಗೆ ಹಿಡಿಸಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡ.

ಇಂಥದಕ್ಕೆ ಕಾವಲು ಕೊಡುವ ಕಂಪನಿಗಳಿವೆಯಂತೆ. ಸುನಿತಾ ಅಂಥ ಒಂದು ಕಾವಲನ್ನು ಸೈಟಿನ ಮುಂದೆ ನಿಲ್ಲಿಸಿದಳು. "ಫಿಲ್ಟರ್ ಹಾಕ್ದೆ ಅಕ್ಕಾ" ಎಂದಾಗ ಒಳಗಿಂದ ಗೋವಿಂದಯ್ಯ, "ನಂಗೂ ಒಂದ್ ಲೋಟ" ಎಂದ. ಕಾಫಿ ಫಿಲ್ಟರ್ ಎಂದುಕೊಂಡಿದ್ದ ಪುಣ್ಯಾತ್ಮ. ಎಲ್ಲರೂ ನಕ್ಕರು. ಆ ವಾರ ಆ ಮನೆಯಲ್ಲಿ ನಕ್ಕದ್ದು ಅದೊಂದೇ ಸಲ.

ಆ ಕಾವಲಿನ ನಿಯಮ ಸರಳ. ಒಂದೇ ವಿಳಾಸದಿಂದ ಯಾರಾದರೂ ಬಿಟ್ಟೂಬಿಡದೆ ಬಾಗಿಲು ತಟ್ಟಿದರೆ, ಆ ವಿಳಾಸಕ್ಕೆ ಬಾಗಿಲು ಬಂದ್. ಸಾವಧಾನವಾಗಿ ಬಂದವರಿಗೆ ದಾರಿ. ಸ್ವಲ್ಪ ಹೊತ್ತಿಗೆಲ್ಲ ಸೈಟು ಉಸಿರಾಡಿತು. ಚೆನ್ನೈನಿಂದ ಯಾರೋ ಎರಡು ಸೀರೆ ಹಿಡಿದರು. ಅಂಜನಾ ಸುನಿತಾಳ ಗಲ್ಲ ಹಿಡಿದು ಮುದ್ದಿಸಿದಳು.

ಅಷ್ಟರಲ್ಲಿ ಕೆಂಪನಂಜಪ್ಪನ ಫೋನು ಬಂತು. ಲೊಕ್ಕನಹಳ್ಳಿ ಹತ್ತಿರ ಆನೆ ಕಂಬ ಉರುಳಿಸಿ ವೈರು ಕಿತ್ತುಹಾಕಿತ್ತು. ಆ ಕಡೆಯ ಮನೆಗಳೆಲ್ಲ ಬಂದ್.

"ಸಾ, ಇವತ್ತೊಂದಿನ ಬ್ಯಾರೆ ಯಾರನ್ನಾರ ಕಳ್ಸಿ. ಇಲ್ಲಿ ದಾಳಿ ನಡೀತಾ ಅದೆ."

"ನಿನ್ ಸೀರೆ ಅಂಗಡಿ ನಂಗ್ ಸಂಬಳ ಕೊಡ್ತದಾ? ಜಡೇಸ್ವಾಮಿ ಬೈಕ್ ತಕಂಡು ನಿಂತವ್ನೆ. ಹೊರ್ಡು."

ಹೊರಡದೆ ಗತಿಯಿಲ್ಲ. ಚಪ್ಪಲಿ ಮೆಟ್ಟುತ್ತ ಅವಳು ಭಾಗ್ಯಮ್ಮನಿಗೆ ಹೇಳಿದಳು, "ಅಮ್ಮಾ, ನಾ ಬರಗಂಟ ಸೈಟ್ ನೋಡ್ಕಳಿ. ಅಂಜನಕ್ಕಂಗೂ ಏಳಿ."

ನೋಡ್ಕಳಿ ಎಂದರೆ ಏನು? ಮಗುವನ್ನು ನೋಡ್ಕೋ, ಒಲೆ ಮೇಲಿನ ಹಾಲು ನೋಡ್ಕೋ ಎನ್ನುತ್ತೇವಲ್ಲ, ಹಾಗೆ. ಜೋಪಾನ, ಏನಾದರೂ ಆದರೆ ತಿಳಿಸಿ ಎಂದು ಅವಳ ಮನಸ್ಸಿನಲ್ಲಿ. ಆದರೆ ಅದೇ ಮಾತಿಗೆ ಕಣ್ಣಿಟ್ಟು ನೋಡುತ್ತಿರಿ ಎಂಬ ಅರ್ಥವೂ ಇದೆ. ಭಾಗ್ಯಮ್ಮ ಮೊಮ್ಮಗಳು ಇಂಚರಳ ಕೈಯಿಂದ ಫೋನು ಒತ್ತಿಸಿಕೊಂಡು ಬೀದಿಯ ವಾಟ್ಸಾಪ್ ಗ್ರೂಪಿಗೆ ಮಾತಾಡಿದಳು:

"ಎಲ್ರೂ ಕೇಳ್ರಪ್ಪಾ. ನಮ್ ಸೈಟ್ ಮ್ಯಾಲೆ ಯಾರೋ ಕೆಟ್ಟೋರು ದಾಳಿ ಮಾಡವ್ರೆ. ಎಲ್ರೂ ಸೈಟ್ ನೋಡ್ಕಳಿ ಅಂತ ನಮ್ ಸುನಿತಾ ಏಳವ್ಳೆ. ಒಂದ್ ಗಳ್ಗೆನೂ ಬುಡಬ್ಯಾಡಿ. ನಿಮ್ ನೆಂಟ್ರಿಗೂ ಏಳಿ."

ಇದರಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ. ಆ ಧ್ವನಿ ಬೀದಿ ದಾಟಿತು. ನೂಲು ಸುತ್ತುವ ಶಿವನಂಜಮ್ಮ ತನ್ನ ಹನೂರಿನ ಅಕ್ಕನಿಗೆ ಕಳಿಸಿದಳು, ಅವಳು ಯಳಂದೂರಿನ ಬೀಗರಿಗೆ. ಸಂಘದ ಗ್ರೂಪು, ಶಾಲೆಯ ಗ್ರೂಪು, ಚೀಟಿಯ ಗ್ರೂಪು, ಎಲ್ಲಕ್ಕೂ ಹೋಯಿತು. ಕೊಳ್ಳೇಗಾಲದ ಮಾನದ ಪ್ರಶ್ನೆ ಎಂದು ಯಾರೋ ಕೆಳಗೆ ಬರೆದು ಸೇರಿಸಿದರು. ಮೂರು ಊರಿನ ಜನ ಜಗಲಿಯ ಮೇಲೆ, ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ ಕೂತು ಸೈಟನ್ನು ಒತ್ತಿದರು, ಮುಚ್ಚಿದರು, ಮತ್ತೆ ಒತ್ತಿದರು.

ಶಾಗ್ಯದಿಂದ ಪುಟ್ಟಮಾದಪ್ಪನಂತೂ ಮಧ್ಯಾಹ್ನದ ಬಸ್ಸಿಗೆ ದೊಣ್ಣೆ ಹಿಡಿದೇ ಬಂದಿಳಿದ. ಅವನು ಗೋವಿಂದಯ್ಯನಿಗೆ ರೇಷ್ಮೆಗೂಡು ಮಾರುತ್ತಿದ್ದ ಕಾಲದಿಂದ ಸ್ನೇಹಿತ.

"ಎಲ್ಲಿ ಕಣ್ಲಾ ಗೋವಿಂದ, ಯಾವ ಸೈಟು? ಕಾಂಪೌಂಡ್ ಕಿತ್ತಾಕವ್ರಾ? ಪತ್ರ ಯಾರ್ ಎಸ್ರಲ್ಲಿ ಅದೆ?"

"ಜಾಗದ ಸೈಟಲ್ಲ ಕಣಯ್ಯಾ, ಫೋನಿಂದು."

"ಫೋನಿಗ್ಯಾಕ್ಲಾ ಸೈಟು?" ಎಂದ ಪುಟ್ಟಮಾದಪ್ಪ ದೊಣ್ಣೆಯನ್ನು ಮೂಲೆಗೊರಗಿಸಿ, ಬಂದದ್ದಕ್ಕೆ ಅವನೂ ಮಗನ ಫೋನಿನಲ್ಲಿ ಒತ್ತುತ್ತ ಕೂತ.

ಈಗ ಒಂದು ವಿಷಯ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಕೆಂಪನಂಜಪ್ಪನ ಕನೆಕ್ಷನ್ ಇರುವ ಮನೆಗಳೆಲ್ಲ ಹೊರಗಿನ ಇಂಟರ್ನೆಟ್ಟಿಗೆ ಕಾಣುವುದು ಒಂದೇ ವಿಳಾಸದಲ್ಲಿ. ಊರಿಗೆಲ್ಲ ಒಂದೇ ಬಾಗಿಲ ನಂಬರು ಇದ್ದ ಹಾಗೆ. ಮೊಬೈಲ್ ಕಂಪನಿಗಳೂ ಅಷ್ಟೇ, ಒಂದು ಸೀಮೆಯ ಸಿಮ್ಮುಗಳನ್ನೆಲ್ಲ ಒಂದೆರಡು ವಿಳಾಸದ ಹಿಂದೆ ಕೂರಿಸುತ್ತವೆ. ಸಾವಿರಾರು ಜನ ಪ್ರೀತಿಯಿಂದ ಒತ್ತಿದ್ದು ಬೆಂಗಳೂರಿನ ಕಾವಲಿಗೆ ಒಬ್ಬನೇ ಹುಚ್ಚ ಬಾಗಿಲು ಗುದ್ದುತ್ತಿರುವ ಹಾಗೆ ಕಂಡಿತು. ಅದಕ್ಕೇನು ಗೊತ್ತು, ಬಡಪಾಯಿಗೆ? ಬಾಗಿಲು ಬಂದ್ ಮಾಡಿತು. ಇದು ಸುನಿತಾಳಿಗೆ ತಿಳಿಯದ ವಿಷಯವಲ್ಲ. ಆದರೆ ಕೊಳ್ಳೇಗಾಲದವರು ಸೀರೆ ಬೇಕಾದರೆ ಭಾಗ್ಯಮ್ಮನ ಮನೆಗೇ ಬಂದು ಸೆರಗು ಬಿಡಿಸಿ ನೋಡುತ್ತಾರೆಯೇ ಹೊರತು ಸೈಟು ಯಾಕೆ ತೆರೆಯುತ್ತಾರೆ ಎಂದು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಲೊಕ್ಕನಹಳ್ಳಿಯ ಆಚೆ ಸಿಗ್ನಲ್ ಇರಲಿಲ್ಲ. ಕಂಬದ ಮೇಲಿದ್ದ ಲೈನ್‌ಮನ್ ಜಡೇಸ್ವಾಮಿಗೆ ಕೆಳಗಿನಿಂದ ವೈರು ಕೊಡುತ್ತ ಅವಳು ಮೇಲಿಂದ ಮೇಲೆ ಫೋನು ತೆಗೆದು ನೋಡಿದಳು.

"ಆ ಫೋನ್ ಮಡಗವ್ವಾ, ಆನೆ ಬಂದ್ರೆ ಅದನ್ನೇ ತೋರ್ಸೀಯಾ?" ಎಂದು ಅವನು ನಕ್ಕ.

ಸಂಜೆ ಅವಳು ಬೀದಿಗೆ ಕಾಲಿಟ್ಟಾಗ ಎಲ್ಲ ಜಗಲಿಯಲ್ಲೂ ಜನ. ಎಲ್ಲರ ಕೈಯಲ್ಲೂ ಫೋನು.

"ಬಂದ್ಯಾ? ನೋಡು, ಒಂದ್ ಗಳ್ಗೆ ಬುಟ್ಟಿಲ್ಲ ಕಣವ್ವಾ," ಎಂದಳು ಭಾಗ್ಯಮ್ಮ. "ಆದ್ರೂ ಮಧ್ಯಾನದಿಂದ ಸೈಟು ಸತ್ತೋಗದೆ."

ಸುನಿತಾ ಅಲ್ಲೇ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಸೈಟು ತೆರೆಯದಿದ್ದರೂ ಕಾವಲು ಕಂಪನಿಯ ಪುಟ ತೆರೆಯಿತು. ನೋಡಿದಳು. ಕಾವಲಿನ ಮುಂದೆ ಹಾದುಹೋಗದ ಒಳಗಿನ ದಾರಿಯಿಂದ ಬಾಡಿಗೆ ಕಂಪ್ಯೂಟರಿಗೂ ಹೊಕ್ಕು ನೋಡಿದಳು. ಸೈಟು ಸತ್ತಿರಲಿಲ್ಲ, ಗುಂಡುಕಲ್ಲಿನ ಹಾಗಿತ್ತು. ಮುಂಬೈ, ಪುಣೆ, ಚೆನ್ನೈ, ಎಲ್ಲ ಕಡೆಯಿಂದ ಸೀರೆ ಕೇಳಿದವರ ಸಾಲು ಬೆಳೆಯುತ್ತಲೇ ಇತ್ತು. ಉತ್ತರ ಕೊಡುವವರು ಯಾರೂ ಇರಲಿಲ್ಲ, ಅಷ್ಟೇ.

"ಅಕ್ಕಾ, ಅಂಗಡಿ ತೆರ್ದೇ ಅದೆ. ಲೋಕಕ್ಕೆಲ್ಲಾ ತೆರ್ದದೆ. ನಮ್ಮೂರಿಗೆ ಮಾತ್ರ ಮುಚ್ಚದೆ."

"ಅದೆಂಗ್ ಮುಚ್ತದೆ ನಮ್ಗೆ?" ಮೋಹನ್ ಎದ್ದು ಬಂದ. "ಅಂಗಡಿ ನಮ್ದಲ್ವಾ?"

"ಎಲ್ರೂ ಒಟ್ಗೆ ಒತ್ತುದ್ರಲ್ಲ ಅಣ್ಣಾ. ಅದುಕ್ಕೆ ಕಾವಲು ನಮ್ಮೂರ್ನೇ ದಾಳಿ ಮಾಡೋರು ಅನ್ಕತು. ದಯವಿಟ್ಟು ಎಲ್ರೂ ನೋಡೋದು ನಿಲ್ಸಿ. ಜನ ಸುಮ್ಕಾದ್ರೆ ಬೆಳಿಗ್ಗೆಗೆ ಅದೇ ತೆರ್ಕತದೆ. ಅಲ್ಲೀಗಂಟ ಅಂಜನಕ್ಕ ಒಳದಾರಿಂದ್ಲೇ ಆರ್ಡರ್ ನೋಡ್ಲಿ, ನಾ ತೋರುಸ್ತೀನಿ."

ಜಗಲಿಯ ಜನಕ್ಕೆ ಅದು ಹಿಡಿಸಲಿಲ್ಲ. ಬೆಳಿಗ್ಗೆಯಿಂದ ಅನ್ನ ನೀರು ಬಿಟ್ಟು ಒತ್ತಿದವರು ಅವರು.

"ನೀನೇ ನೋಡ್ಕಳಿ ಅಂದೆ. ಈಗ ನೋಡ್ಬ್ಯಾಡಿ ಅಂತೀಯ," ಎಂದಳು ಶಿವನಂಜಮ್ಮ.

"ಮೈಸೂರಲ್ಲಿ ನಿಮ್ ತಂಗಿ ಅವ್ರಲ್ಲ ಅಕ್ಕಾ, ಫೋನ್ ಮಾಡಿ ಕೇಳಿ, ಅಲ್ಲಿ ತೆರೀತದೆ," ಎಂದಳು ಸುನಿತಾ, ಅಂಜನಾಳ ಕಡೆ ತಿರುಗಿ.

ಅಂಜನಾ ಸ್ಪೀಕರಿನಲ್ಲಿ ಹಾಕಿಯೇ ಕೇಳಿದಳು. ಆ ತಂಗಿಗೂ ಭಾಗ್ಯಮ್ಮನ ಧ್ವನಿ ತಲುಪಿತ್ತು. ಗಂಡ, ಅತ್ತೆ, ಮಕ್ಕಳೊಂದಿಗೆ ಅವಳೂ ಮಧ್ಯಾಹ್ನದಿಂದ ಒತ್ತಿದ್ದಳು; ಆ ಮನೆಯ ವಿಳಾಸಕ್ಕೂ ಕಾವಲು ಬಾಗಿಲು ಹಾಕಿತ್ತು. "ಇಲ್ಲೂ ಓಪನ್ ಆಗ್ತಿಲ್ಲ ಕಣೇ ಅಕ್ಕ, ಬರೀ ಸುತ್ತುತ್ತೆ," ಎಂದಳು ಪಾಪ.

ಸುನಿತಾ ಲ್ಯಾಪ್‌ಟಾಪನ್ನು ತಿರುಗಿಸಿ ಆರ್ಡರುಗಳನ್ನು ತೋರಿಸಿದಳು. ಕಪ್ಪು ಪರದೆ, ಬಿಳಿ ಅಕ್ಷರ, ಚಿತ್ರವಿಲ್ಲ, ಸೀರೆಯಿಲ್ಲ.

"ಇದ್ನ ನೀನೇ ಟೈಪ್ ಮಾಡಿದ್ರೆ ನಮ್ಗೇನ್ ಗೊತ್ತು?" ಎಂದ ಮೋಹನ್. ಪಕ್ಕದ ಪುಟದಲ್ಲಿ ಕಾವಲು ಕಂಪನಿ ತಡೆದವರ ಹೆಸರುಗಳಿದ್ದವು. ಅವನು ಬಗ್ಗಿ ಓದಿದ. ಎಲ್ಲಕ್ಕಿಂತ ಮೇಲೆ, ಕೆಂಪಕ್ಷರದಲ್ಲಿ, ಕೆಂಪನಂಜಪ್ಪನ ಆಫೀಸಿನ ಹೆಸರಿತ್ತು. "ಇದೇನಿದು? ಎಲ್ಲಾರ್ಗಿಂತ ಜಾಸ್ತಿ ದಾಳಿ ಮಾಡಿರೋದು ನೀನ್ ಕೆಲ್ಸ ಮಾಡೋ ಆಫೀಸು!"

"ಅದು ಆಫೀಸಲ್ಲ ಅಣ್ಣಾ. ಅದು ನಮ್ಮೂರು. ಅದ್ರೊಳ್ಗೆ ನೀವೂ ಇದ್ದೀರಿ."

ಸತ್ಯವೇ. ಆದರೆ ಆ ಹೊತ್ತಿನಲ್ಲಿ ಆ ಜಗಲಿಯ ಮುಂದೆ ಹೇಳುವ ಮಾತಲ್ಲ.

"ನೋಡುದ್ರಾ!" ಮೋಹನ್ ಬೀದಿಯ ಕಡೆ ತಿರುಗಿದ. "ನಾವೇ ನಮ್ ಅಂಗ್ಡಿ ಒಡುದ್ವಂತೆ. ಬೆಳಿಗ್ಗೆ ಆ ವ್ಯಾಪಾರಿ ಎಸ್ರು ಎತ್ತುದ್ರೆ ಇವ್ಳಿಗ್ ನೋವಾಯ್ತು. ಕಾವ್ಲು ಅಂತ ಇಟ್ಟು ನಮ್ನೇ ಒರಗ್ ಮಡಗವ್ಳೆ. ಕಾಡಿಂದ ಬಂದೋಳ್ಗೆ ಬೀಗದ ಕೈ ಕೊಟ್ಟದ್ದು ನಮ್ ತಪ್ಪು."

ಸುನಿತಾ ಭಾಗ್ಯಮ್ಮನ ಮುಖ ನೋಡಿದಳು. ಒಂದು ಮಾತು ಬರುತ್ತದೆ ಎಂದು ಕಾದಳು. ಭಾಗ್ಯಮ್ಮ ಸೆರಗಿನಿಂದ ಫೋನಿನ ಗಾಜು ಒರೆಸುತ್ತ ಕೂತಿದ್ದಳು. ಒಳಗಿನಿಂದ ಗೋವಿಂದಯ್ಯ, "ಬುಡ್ಲಾ ಮೋಹ್ನ, ಎಣ್ಮಗಿನ ಮ್ಯಾಲೆ" ಎಂದದ್ದು ಯಾರ ಕಿವಿಗೂ ಬೀಳಲಿಲ್ಲ.

ಕೊನೆಗೆ ಎಲ್ಲರೂ ನೋಡಿದ್ದು ಅಂಜನಾಳನ್ನು. ಅಂಗಡಿ ಅವಳ ಹೆಸರಿನಲ್ಲಿತ್ತು. ಅವಳು ಸುನಿತಾಳನ್ನೂ ನೋಡಿದಳು, ಗಂಡನನ್ನೂ ನೋಡಿದಳು, ತನ್ನನ್ನು ನಂಬಿ ಸೀರೆ ಕೊಟ್ಟ ಮನೆಗಳನ್ನೂ ನೋಡಿದಳು.

"ಆ ಕಾವ್ಲು ತೆಗ್ದುಬುಡು ಸುನಿತಾ."

"ಅಕ್ಕಾ, ತೆಗುದ್ರೆ..."

"ತೆಗಿ. ನಮ್ ಅಂಗ್ಡಿ ನಮ್ಗೆ ಕಾಣ್ಲಿ."

ಸುನಿತಾ ಬೇಡ ಎಂದು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಿದ್ದರೆ ಹಬ್ಬದವರೆಗೆ ಅಂಗಡಿ ನಿಲ್ಲುತ್ತಿತ್ತು. ಆದರೆ ಹಾಗೆ ಎದ್ದು ಹೋದವಳನ್ನು ಬೀದಿ ಏನೆನ್ನುತ್ತಿತ್ತು? ಅಂಗಡಿ ಅವಳದಲ್ಲ. ತೆಗೆದಳು.

ಅಯ್ಯೋ, ಆಗಿನ ಸಂಭ್ರಮ ನೋಡಬೇಕಿತ್ತು. "ಬಂತು! ಬಂತು ಕಣ್ರೋ!" ಎಂದು ಜಗಲಿಯಿಂದ ಜಗಲಿಗೆ ಕೂಗು ಓಡಿತು. ಪ್ರತಿ ಫೋನಿನಲ್ಲೂ ಸೀರೆ ಅರಳಿತು, ಮೈಸೂರು ಪಾಕಿನ ಬಣ್ಣದ್ದು, ನವಿಲು ಬಣ್ಣದ್ದು, ಗೋವಿಂದಯ್ಯ ನೇಯ್ದ ದೊಡ್ಡ ಅಂಚಿನದ್ದು. ಪುಟ್ಟಮಾದಪ್ಪ, "ಇದಾ ಸೈಟು, ಚಂದಾಗದೆ ಕಣ್ಲಾ" ಎಂದ. ಶಿವನಂಜಮ್ಮ ಚಪ್ಪಾಳೆ ತಟ್ಟಿದಳು. ಮೋಹನ್ ಎದೆ ಉಬ್ಬಿಸಿ ಸುನಿತಾಳ ಕಡೆ ನೋಡಿದ.

ಕಾವಲಿನ ಆಚೆ ಬೆಳಿಗ್ಗೆಯಿಂದ ತಡೆದು ನಿಂತಿದ್ದ ಪ್ರವಾಹವೆಲ್ಲ ಆ ಹೊತ್ತಿಗೇ ಒಳನುಗ್ಗಿತು. ಫೋಟೋಗಳು ಅರ್ಧಕ್ಕೆ ನಿಂತವು. ಆಮೇಲೆ ಬಿಳಿ. ಒಂದೊಂದು ಫೋನೂ ಬಿಳಿ. ಈ ಸಲ ಮುಂಬೈಗೂ ಬಿಳಿ, ಚೆನ್ನೈಗೂ ಬಿಳಿ. ಸುನಿತಾ ಮತ್ತೆ ಕಾವಲು ಹಾಕಲು ಒದ್ದಾಡುತ್ತಿರುವಾಗಲೇ ಕಂಪ್ಯೂಟರು ಬಾಡಿಗೆ ಕೊಟ್ಟವರಿಂದ ಸಂದೇಶ ಬಂತು. ನಿಮ್ಮ ಮೇಲಿನ ದಾಳಿಯಿಂದ ಇಲ್ಲಿರುವ ಉಳಿದ ಗಿರಾಕಿಗಳಿಗೆ ತೊಂದರೆ ಆಗುತ್ತಿದೆ, ಅವರ ಹಿತಕ್ಕಾಗಿ ನಿಮ್ಮ ವಿಳಾಸವನ್ನೇ ಮುಚ್ಚಿದ್ದೇವೆ ಎಂದು. ದಾಳಿ ಮಾಡಿದವನನ್ನಲ್ಲ, ದಾಳಿಗೆ ಸಿಕ್ಕವಳನ್ನು ಮುಚ್ಚಿದರು. ಅವರ ಲೋಕದಲ್ಲಿ ಅದಕ್ಕೂ ರಕ್ಷಣೆ ಎಂದೇ ಹೆಸರಂತೆ.

ಮತ್ತೆ ತೆರೆಸಲು ಸುನಿತಾ ಮಾಡಿದ ಫೋನಿಗೆ ಮಿತಿಯಿಲ್ಲ. ತೆರೆದಾಗ ಗೌರಿಯನ್ನು ನೀರಿಗೆ ಬಿಟ್ಟಾಗಿತ್ತು. ಸೀರೆ ಕೇಳಿ ಉತ್ತರ ಸಿಗದವರು ಮೋಸದ ಅಂಗಡಿ ಎಂದು ಕಂಡಕಂಡಲ್ಲಿ ಬರೆದಿದ್ದರು. ಅಷ್ಟರೊಳಗೆ ವ್ಯಾಪಾರಿ ಬೀದಿಗೆ ಬಂದು, ಗೋವಿಂದಯ್ಯನ ಜಗಲಿಯ ಮೇಲೆಯೇ ಕೂತು, ಮಜ್ಜಿಗೆ ಕುಡಿದು, ಎಲ್ಲರ ಸೀರೆಯನ್ನೂ ತನ್ನ ಬೆಲೆಗೆ ಕಟ್ಟಿಸಿಕೊಂಡು ಹೋದ. "ಇದೆಲ್ಲಾ ನಮ್ಮಂತೋರ್ಗೆ ಯಾಕಮ್ಮಾ?" ಎಂದು ಅಂಜನಾಳಿಗೆ ಬುದ್ಧಿಯನ್ನೂ ಹೇಳಿದ.

ಸುನಿತಾ ಕೆಂಪನಂಜಪ್ಪನನ್ನು ಕೇಳಿಕೊಂಡಳು, "ಸಾ, ಒಂದ್ಸಲ ಬೀದಿಗೆ ಬಂದು ಏಳಿ. ಊರೆಲ್ಲಾ ಒಂದೇ ವಿಳಾಸದಿಂದ ಓಯ್ತದೆ ಅಂತ. ನೀವ್ ಏಳುದ್ರೆ ನಂಬ್ತಾರೆ."

"ಅದ್ನ ಏಳುದ್ರೆ, ಎಲ್ರನ್ನೂ ಯಾಕ್ ಒಂದ್ರಲ್ಲೇ ತುಂಬ್ದೆ ಅಂತ ನನ್ನೇ ಕೇಳ್ತಾರೆ. ನಿಂಗ್ಯಾಕ್ ಬೇಕಿತ್ತು ತಾಯಿ ಸೀರೆ ವ್ಯಾಪಾರ? ಯಳಂದೂರಲ್ಲಿ ಕೆಲ್ಸ ಅದೆ, ವಸಿ ದಿನ ಅಲ್ಲೇ ಇರು."

ಮನೆಯಲ್ಲಿ ಯಾರೂ ಹೋಗು ಎನ್ನಲಿಲ್ಲ. ಒಂದು ಬೆಳಿಗ್ಗೆ ಭಾಗ್ಯಮ್ಮ ರೊಟ್ಟಿ ತಟ್ಟುತ್ತ, ತಲೆಯೆತ್ತದೆ ಹೇಳಿದಳು, "ಆ ರೂಮು ವಸಿ ಬೇಕಾಗದೆ ಕಣವ್ವಾ. ನೂಲು ಮಡಗಾಕೆ."

"ಆಯ್ತಮ್ಮಾ," ಎಂದಳು ಸುನಿತಾ. ರೊಟ್ಟಿ ಹಾಕಿದಳು ಭಾಗ್ಯಮ್ಮ, ಬೆಣ್ಣೆಯನ್ನೂ ಹಾಕಿದಳು. ಅವಳು ತಿಂದಳು. ಇಬ್ಬರ ಕಣ್ಣೂ ತಟ್ಟೆಯ ಮೇಲೆ.

ಬ್ಯಾಗು ಹಿಡಿದು ಬೀದಿಯ ತಿರುವಿಗೆ ಬಂದಾಗ ಹಿಂದಿನಿಂದ ಅಂಜನಾ ಓಡಿ ಬಂದಳು. ನಿಂತು ಉಸಿರು ತೆಗೆದುಕೊಂಡಳು. ಕೈ ಹಿಡಿಯಲೋ ಬೇಡವೋ ಎಂದು ಹಿಡಿಯದೆ ಉಳಿದಳು.

"ಬಾಡಿಗೆ ಕಂಪ್ಯೂಟ್ರು ಮತ್ತೆ ತೆರ್‍ಕಂತಲ್ಲ, ಒಳದಾರಿಂದ ನೋಡ್ದೆ. ಆ ದಿನದ ಆರ್ಡರೆಲ್ಲಾ ಅಲ್ಲೇ ಅವೆ. ನಿಜವಾದೋವೇ. ಒಬ್ರಿಗೆ ಫೋನೂ ಮಾಡ್ದೆ." ಆಮೇಲೆ ಕೇಳಿಯೇಬಿಟ್ಟಳು, "ಅಷ್ಟೆಲ್ಲಾ ಗೊತ್ತಿದ್ದೋಳು, ನಾ ತೆಗಿ ಅಂದಾಗ ಆಗಕಿಲ್ಲ ಅಂತ ಯಾಕನ್ನಿಲ್ಲ ನೀನು?"

"ಅಂದಿದ್ರೆ ನಂಬ್ತಿದ್ರಾ ಅಕ್ಕಾ?"

ಅಂಜನಾ ಸುಳ್ಳು ಹೇಳುವ ಹೆಂಗಸಲ್ಲ.

"ಇಲ್ಲ," ಎಂದಳು.

"ಇದ್ನ ಮನೇಲಿ ಏಳುದ್ರಾ? ಆರ್ಡರ್ ನಿಜ ಅಂತ?"

ಅಂಜನಾ ತಿರುಗಿ, ಯಾರಾದರೂ ಕೇಳಿಸಿಕೊಂಡರೇನೋ ಎಂದು ಬೀದಿಯ ಕಡೆ ನೋಡಿದಳು. ಯಳಂದೂರಿನ ಬಸ್ಸು ಬಂತು. ಸುನಿತಾ ಹತ್ತಿದಳು.